ನಗರದಲ್ಲಿ ವಿಜ್ಞಾನ–ಕಲಾ ಹಬ್ಬ: ಮೊದಲ ಸಲ ಮಾಡುವವರಿಗೆ ಒಂದು ಕೈಪಿಡಿ

ವಿಜ್ಞಾನವನ್ನೂ ಕಲೆಯನ್ನೂ ಒಟ್ಟಿಗೆ ಜನರ ಮುಂದೆ ಇಡೋಣ ಎಂದು ಹೊರಟ ತಂಡದ ಮೊದಲ ಸಭೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ಉದ್ಘಾಟನೆಗೆ ಯಾರನ್ನು ಕರೆಯೋಣ? ವೇದಿಕೆ ಎಷ್ಟು ದೊಡ್ಡದಿರಬೇಕು? ಇವೆರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಸಾಧ್ಯವಾದರೆ ಕೊನೆಯವರೆಗೂ ಪಕ್ಕಕ್ಕೇ ಇಟ್ಟಿರಿ. ಹಬ್ಬಕ್ಕೆ ಬಂದವರು ಮನೆಗೆ ಹೋಗಿ "ಭಾಷಣ ಚೆನ್ನಾಗಿತ್ತು" ಎನ್ನುವುದು ಅಪರೂಪ. "ನಾನೇ ಮಾಡಿ ನೋಡಿದೆ, ಹೀಗಾಯ್ತು" ಎಂದು ಹೇಳಿಕೊಳ್ಳುವವರೇ ಜಾಸ್ತಿ. ಆ ಒಂದು ವಾಕ್ಯ ಎಷ್ಟು ಮನೆಗಳಲ್ಲಿ ಕೇಳಿಸಬೇಕು ಎಂದು ಲೆಕ್ಕ ಹಾಕಿಕೊಂಡು ಕೆಲಸ ಶುರು ಮಾಡಿ.

ಇಪ್ಪತ್ತು–ಮೂವತ್ತು ಜನರ ತಂಡ, ಒಂದೆರಡು ದಿನದ ಹಬ್ಬ, ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೆ. ಹೀಗೆ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಆರರಿಂದ ಎಂಟು ತಿಂಗಳು ಮೊದಲೇ ಕೂತರೆ ಅವಸರವಾಗುವುದಿಲ್ಲ.

ಮೊದಲು: ಚಿಕ್ಕ ವಿಷಯ ಹಿಡಿಯಿರಿ

"ವಿಜ್ಞಾನ ಮತ್ತು ಸಮಾಜ", "ನಾಳೆಯ ಜಗತ್ತು" ಇಂಥ ಹೆಸರುಗಳು ಆಮಂತ್ರಣ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತವೆ. ತೊಂದರೆ ಏನೆಂದರೆ, ಅದರಡಿ ಯಾರು ಏನು ತಂದಿಟ್ಟರೂ ನಡೆಯುತ್ತದೆ. ಕೊನೆಗೆ ಒಂದು ಮೂಲೆಯಲ್ಲಿ ರಾಕೆಟ್ ಮಾದರಿ, ಇನ್ನೊಂದು ಮೂಲೆಯಲ್ಲಿ ಚಿತ್ರ ಪ್ರದರ್ಶನ, ನಡುವೆ ಒಂದು ಕ್ವಿಜ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಚಿಕ್ಕದನ್ನು ಹಿಡಿದರೆ ಒಳಗೆ ಇಳಿಯಬಹುದು. ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳ ಮುಂದೆ ಒಂದು ಮೇಣದ ಬತ್ತಿ ಇಟ್ಟುಕೊಂಡು ಆರು ಉಪನ್ಯಾಸ ಕೊಟ್ಟಿದ್ದರು. ಕ್ರಿಸ್‌ಮಸ್ ಹೊತ್ತಿನ ಅಲ್ಲಿನ ಉಪನ್ಯಾಸ ಮಾಲೆ 1825ರಲ್ಲಿ ಶುರುವಾಯಿತು, ಇವತ್ತಿಗೂ ನಡೆಯುತ್ತಿದೆ. ಅವರು ತೋರಿಸಿದ ಒಂದು ಆಟವನ್ನು ನೀವೂ ಮಾಡಿ ನೋಡಬಹುದು. ಉರಿಯುವ ಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ಬಿಳಿ ಹೊಗೆ ಮೇಲೇಳುತ್ತದೆ. ಬೆಂಕಿಕಡ್ಡಿಯನ್ನು ಬತ್ತಿಗೆ ತಾಗಿಸದೆ ಆ ಹೊಗೆಗೆ ಹಿಡಿದರೆ, ಉರಿ ಹೊಗೆಯ ಗುಂಟ ಕೆಳಗೆ ಜಿಗಿದು ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ಉರಿಯುತ್ತಿರುವುದು ಮೇಣದ ಆವಿ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ.

ನನ್ನನ್ನು ಕೇಳಿದರೆ ಮೊದಲ ಹಬ್ಬಕ್ಕೆ "ನೆರಳು" ಅಥವಾ "ಸದ್ದು" ಒಳ್ಳೆಯ ವಿಷಯ. ಎರಡಕ್ಕೂ ಸಾಮಾನು ಅಗ್ಗ, ಕಲಾವಿದರಿಗೂ ವಿಜ್ಞಾನಿಗಳಿಗೂ ಹೇಳಲು ಬೇಕಾದಷ್ಟಿದೆ. ನೆರಳು ಎಂದರೆ ನೆರಳು ಬೊಂಬೆ ಇದೆ, ಬಿಸಿಲು ಗಡಿಯಾರ ಇದೆ, ಗ್ರಹಣ ಇದೆ, ಎಕ್ಸ್‌ರೇ ಇದೆ. ಎಕ್ಸ್‌ರೇ ಕೂಡ ಮೂಳೆಯ ನೆರಳೇ ಅಲ್ವಾ? ಸುಮಾರು ಉತ್ತರ–ದಕ್ಷಿಣವಾಗಿ ಇರುವ ಇನ್ನೊಂದು ನಗರದವರು ಜೊತೆಗೆ ಸಿಕ್ಕರೆ ಇನ್ನೂ ಒಂದು ಆಟ ಆಡಬಹುದು. ಒಂದೇ ದಿನ ನಡು ಮಧ್ಯಾಹ್ನ ಎರಡೂ ಕಡೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅಳೆದು, ಬಿಸಿಲಿನ ಕೋನ ಎಷ್ಟು ಬೇರೆ ಎಂದು ನೋಡಿ. ಸುಮಾರು 111 ಕಿಲೋಮೀಟರಿಗೆ ಒಂದು ಡಿಗ್ರಿ ವ್ಯತ್ಯಾಸ ಬರುತ್ತದೆ. ಇಡೀ ಸುತ್ತು 360 ಡಿಗ್ರಿ, ಹಾಗಾಗಿ ಅದರಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಮಾಡಿದ್ದು ಇದನ್ನೇ. ಎರಡು ಊರಿನ ಮಕ್ಕಳು ಫೋನಿನಲ್ಲಿ ಅಳತೆ ಹೇಳಿಕೊಂಡು ಕಾಗದದ ಮೇಲೆ ಭಾಗಾಕಾರ ಮಾಡುವುದು ನೋಡಲಿಕ್ಕೇ ಚೆಂದ.

ಜಾಗ: ಜನ ಈಗಾಗಲೇ ಓಡಾಡುವಲ್ಲಿ

ವಿಶ್ವವಿದ್ಯಾಲಯದ ಸಭಾಂಗಣ ಪುಕ್ಕಟೆ ಸಿಗುತ್ತದೆ ಎಂದು ಅಲ್ಲಿಗೇ ಹೋಗಬೇಡಿ. ಆ ಗೇಟು ದಾಟಿ ಒಳಗೆ ಬರುವವರು ಮೊದಲೇ ವಿಜ್ಞಾನದ ಮೇಲೆ ಪ್ರೀತಿ ಇರುವವರು. ಉಳಿದವರಿಗೆ ಆ ಗೇಟಿನ ಹತ್ತಿರ ನಿಂತರೇ ಸಂಕೋಚ. ಉದ್ಯಾನ, ಬಸ್ ನಿಲ್ದಾಣದ ಪಕ್ಕದ ಬಯಲು, ಗ್ರಂಥಾಲಯ, ಹಳೆಯ ಮಾರುಕಟ್ಟೆ ಕಟ್ಟಡ, ಇಂಥವು ಮೇಲು. ಹವ್ಯಾಸಿ ಖಗೋಳವೀಕ್ಷಕ ಜಾನ್ ಡಾಬ್ಸನ್ ಮತ್ತು ಗೆಳೆಯರು 1968ರಿಂದ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತ್ ಮೇಲೆ ದೂರದರ್ಶಕ ನಿಲ್ಲಿಸಿ ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು. ಟಿಕೆಟ್ ಇಲ್ಲ, ಕಾರ್ಯಕ್ರಮ ಪಟ್ಟಿ ಇಲ್ಲ. ತರಕಾರಿ ಚೀಲ ಹಿಡಿದುಕೊಂಡು ಹೋಗುತ್ತಿದ್ದವರೂ ನಿಂತು ಬಗ್ಗಿ ನೋಡಬಹುದಿತ್ತು.

ಇಡೀ ಊರನ್ನೇ ಜಾಗ ಮಾಡಿಕೊಂಡವರೂ ಇದ್ದಾರೆ. ಆಸ್ಟ್ರಿಯಾದ ಲಿಂಟ್ಸ್ ಉಕ್ಕಿನ ಕಾರ್ಖಾನೆಗಳ ನಗರ. ಅಲ್ಲಿ 1979ರಲ್ಲಿ ಆರ್ಸ್ ಎಲೆಕ್ಟ್ರಾನಿಕಾ ಎಂಬ ಕಲೆ–ತಂತ್ರಜ್ಞಾನದ ಹಬ್ಬ ಶುರುವಾಯಿತು. ಮೊದಲ ವರ್ಷ ನದಿ ದಂಡೆಯಲ್ಲಿ ದೊಡ್ಡ ಸ್ಪೀಕರ್‌ಗಳಲ್ಲಿ ಸಂಗೀತ ಹಾಕಿದರು. ಜೊತೆಗೆ ಊರವರಿಗೆಲ್ಲ ನಿಮ್ಮ ರೇಡಿಯೋವನ್ನು ಕಿಟಕಿಯಲ್ಲಿಟ್ಟು ಅದೇ ಸಂಗೀತ ಹಚ್ಚಿ ಎಂದು ಕೇಳಿಕೊಂಡರು. ಮನೆಯಿಂದ ಹೊರಗೆ ಬರಲಾಗದ ಮುದುಕರೂ ಹಬ್ಬದಲ್ಲಿ ಸೇರಲು ಸಾಧ್ಯವಾಗುವಂಥ ಉಪಾಯ. ಇಂಥದ್ದೊಂದು ನಿಮ್ಮ ಯೋಜನೆಯಲ್ಲೂ ಇರಲಿ.

ಜಾಗ ನೋಡಲು ಹೋಗುವಾಗ ಹಬ್ಬ ನಡೆಯುವ ಹೊತ್ತಿಗೇ ಹೋಗಿ. ಬೆಳಿಗ್ಗೆ ಹೋಗಿ ನೋಡಿ ಸಂಜೆಯ ಕಾರ್ಯಕ್ರಮ ನಿಗದಿ ಮಾಡಿದರೆ ಬೆಳಕು, ಗಾಳಿ, ಟ್ರಾಫಿಕ್ ಸದ್ದು ಯಾವುದೂ ಹೊಂದುವುದಿಲ್ಲ. ಕರೆಂಟ್ ಪಾಯಿಂಟ್ ಎಲ್ಲಿದೆ, ಶೌಚಾಲಯ ಎಷ್ಟು ದೂರ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಮಳೆ ಬಂದರೆ ಎಲ್ಲಿ ನಿಲ್ಲುವುದು, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ. ಇಷ್ಟನ್ನು ನಕ್ಷೆಯ ಮೇಲೆ ಗುರುತು ಮಾಡಿಕೊಳ್ಳಿ. ಪರ್ಮಿಷನ್ ಅರ್ಜಿಗಳಿಗೂ ಇದೇ ನಕ್ಷೆ ಬೇಕಾಗುತ್ತದೆ. ಅರ್ಜಿಗಳನ್ನು ಮೂರು–ನಾಲ್ಕು ತಿಂಗಳು ಮೊದಲೇ ಕೊಡಿ, ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಜೋಡಿ ಕಟ್ಟುವುದು

ಇಲ್ಲೇ ಹೆಚ್ಚಿನ ಹಬ್ಬಗಳು ಎಡವುವುದು. ವಿಜ್ಞಾನಿ ತನ್ನ ಪ್ರಯೋಗ ಮುಗಿಸಿ, ಕೊನೆಯ ತಿಂಗಳಲ್ಲಿ ಒಬ್ಬ ಕಲಾವಿದರನ್ನು ಕರೆದು "ಇದನ್ನು ಸ್ವಲ್ಪ ಚೆಂದ ಮಾಡಿಕೊಡಿ" ಎನ್ನುತ್ತಾರೆ. ಅಥವಾ ಕಲಾವಿದರು ಎಲ್ಲ ಮುಗಿಸಿ, ಪಕ್ಕದಲ್ಲಿ ಅಂಟಿಸಲು ವಿಜ್ಞಾನಿಯಿಂದ ಒಂದು ಪ್ಯಾರಾ ಬರೆಸಿಕೊಳ್ಳುತ್ತಾರೆ. ಎರಡರಲ್ಲೂ ಒಬ್ಬರು ಕೆಲಸದವರು, ಇನ್ನೊಬ್ಬರು ಯಜಮಾನರು.

ನಾನು ಹಚ್ಚುವ ಪರೀಕ್ಷೆ ಸರಳ. ಕಲೆಯನ್ನು ತೆಗೆದರೆ ವಿಜ್ಞಾನ ಮೊದಲಿನಂತೆಯೇ ನಿಲ್ಲುತ್ತದೆಯೇ? ವಿಜ್ಞಾನ ತೆಗೆದರೆ ಕಲೆಗೆ ಏನೂ ಆಗುವುದಿಲ್ಲವೇ? ಎರಡಕ್ಕೂ ಹೌದು ಎಂದಾದರೆ ಅವರಿಬ್ಬರೂ ಸುಮ್ನೆ ಅಕ್ಕಪಕ್ಕ ಕೂತಿದ್ದಾರೆ ಅಷ್ಟೆ.

ಸರಿಯಾಗಿ ಬೆಸೆದರೆ ಹೇಗಿರುತ್ತದೆ ಎನ್ನುವುದಕ್ಕೆ ಬಣ್ಣದ ನೆರಳು ನೋಡಿ. ಕೆಂಪು, ಹಸಿರು, ನೀಲಿ ಮೂರು ದೀಪಗಳನ್ನು ಸ್ವಲ್ಪ ಸ್ವಲ್ಪ ದೂರದಲ್ಲಿಟ್ಟು ಒಂದೇ ಬಿಳಿ ಗೋಡೆಗೆ ಹಾಯಿಸಿ. ಗೋಡೆ ಹೆಚ್ಚುಕಡಿಮೆ ಬೆಳ್ಳಗೇ ಕಾಣುತ್ತದೆ. ನಡುವೆ ಒಬ್ಬರು ನಿಂತರೆ ಅವರ ಹಿಂದೆ ಮೂರು ನೆರಳು ಬೀಳುತ್ತವೆ, ಒಂದು ಹಳದಿ, ಒಂದು ಗುಲಾಬಿ, ಒಂದು ಹಸಿರುನೀಲಿ. ನೀಲಿ ದೀಪವನ್ನು ಮೈ ಅಡ್ಡಗಟ್ಟಿದ ಕಡೆ ಕೆಂಪು ಮತ್ತು ಹಸಿರು ಉಳಿಯುತ್ತವೆ, ಬೆಳಕಿನಲ್ಲಿ ಅವೆರಡೂ ಸೇರಿದರೆ ಹಳದಿ. ಮೂರು ನೆರಳೂ ಒಂದರ ಮೇಲೊಂದು ಬಿದ್ದಲ್ಲಿ ಮಾತ್ರ ಕಪ್ಪು. ಈಗ ಇಲ್ಲಿಗೆ ಒಬ್ಬ ನೃತ್ಯಗಾರ್ತಿಯನ್ನು ಕರೆತನ್ನಿ. ಗೋಡೆಗೆ ಹತ್ತಿರ ಬಂದಾಗ ನೆರಳುಗಳು ಕೂಡಿ ಕಪ್ಪಾಗುವುದು, ದೂರ ಹೋದಾಗ ಬಿಡಿಯಾಗಿ ಬಣ್ಣ ಬರುವುದು, ಇದನ್ನೇ ಇಟ್ಟುಕೊಂಡು ಅವರು ಹತ್ತು ನಿಮಿಷದ ಪ್ರಸ್ತುತಿ ಕಟ್ಟುತ್ತಾರೆ. ಅದು ಮುಗಿದ ಮೇಲೆ ಮಕ್ಕಳು ಅದೇ ಜಾಗದಲ್ಲಿ ಕುಣಿಯುತ್ತಾರೆ. ದೀಪ ಬದಲಿಸಿದರೆ ನೃತ್ಯ ಬದಲಾಗಲೇಬೇಕು. ಇದಕ್ಕೆ ಜೋಡಿ ಎನ್ನಬಹುದು.

ಜೋಡಿಗಳು ಆರು ತಿಂಗಳು ಮೊದಲೇ ಸೇರಲಿ. ಮೊದಲ ಭೇಟಿಯಲ್ಲಿ ಕಲಾವಿದರು ಪ್ರಯೋಗಶಾಲೆಗೆ ಹೋಗಲಿ, ಎರಡನೆಯದರಲ್ಲಿ ವಿಜ್ಞಾನಿ ಅವರ ಸ್ಟುಡಿಯೋಗೆ ಹೋಗಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೌತವಿಜ್ಞಾನಿ ಫ್ರಾಂಕ್ ಆಪನ್‌ಹೈಮರ್ 1969ರಲ್ಲಿ ತೆರೆದ ವಿಜ್ಞಾನ ಸಂಗ್ರಹಾಲಯ ಎಕ್ಸ್‌ಪ್ಲೊರೇಟೋರಿಯಂ ಕೆಲವೇ ವರ್ಷಗಳಲ್ಲಿ ಕಲಾವಿದರನ್ನು ಒಳಗೇ ಕರೆದು ಕೆಲಸಕ್ಕೆ ಕೂರಿಸಿತು. ಅಲ್ಲಿನ ವರ್ಕ್‌ಶಾಪ್ ಕೂಡ ಬಂದವರಿಗೆ ಕಾಣುವಂತೆ ತೆರೆದೇ ಇತ್ತು. ವಸ್ತು ಹೇಗೆ ತಯಾರಾಗುತ್ತದೆ ಎಂಬುದೂ ಪ್ರದರ್ಶನವೇ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ. ಕಲಾವಿದರಿಗೆ ದುಡ್ಡು ಕೊಡಿ. ವಿಜ್ಞಾನಿಗೆ ತಿಂಗಳ ಸಂಬಳ ಇರುತ್ತದೆ, ಹಬ್ಬದ ಕೆಲಸವನ್ನು ಅದರಲ್ಲೇ ಸೇರಿಸಿಕೊಳ್ಳಬಹುದು. ಕಲಾವಿದರಿಗೆ "ಹೆಸರು ಬರುತ್ತೆ" ಎಂದು ಹೇಳಿ ಕೈ ತೊಳೆದುಕೊಳ್ಳುವುದು ನಾಚಿಕೆಗೇಡು. ಬಜೆಟ್ ಬರೆಯುವಾಗ ಮೊದಲ ಸಾಲಿನಲ್ಲೇ ಅವರ ಸಂಭಾವನೆ ಬರಲಿ, ಪೆಂಡಾಲು ಆಮೇಲೆ.

ಎರಡು ಪ್ರಯೋಗ, ವಿವರವಾಗಿ

ಎಲ್ಲ ಸ್ಟಾಲ್‌ಗಳ ಪಟ್ಟಿ ಕೊಡುವ ಬದಲು ಎರಡನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಉಳಿದವನ್ನು ಇದೇ ರೀತಿ ಯೋಚಿಸಬಹುದು.

ಮೊದಲನೆಯದು, ಸದ್ದಿನ ಚಿತ್ರ. ತಗಡು ನಡುಗಿ ಸದ್ದು ಮಾಡುವಾಗ ಅದರ ಮೇಲಿನ ಮರಳು ತಾನೇ ಚಿತ್ರವಾಗಿ ಕೂರುವ ಆಟ. ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲಿ ಇದನ್ನು ಪ್ರಕಟಿಸಿದರು. ಆಮೇಲೆ ಯುರೋಪಿನ ಊರೂರು ಸುತ್ತಿ ಜನರ ಮುಂದೆ ಮಾಡಿ ತೋರಿಸಿದರು. 1809ರಲ್ಲಿ ನೆಪೋಲಿಯನ್‌ಗೂ ತೋರಿಸಿದರು. ಅದಾದ ಮೇಲೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಇದರ ಗಣಿತ ಬಿಡಿಸಿದವರಿಗೆ ಬಹುಮಾನ ಘೋಷಿಸಿತು. ಮೂರನೆಯ ಪ್ರಯತ್ನದಲ್ಲಿ, 1816ರಲ್ಲಿ, ಅದನ್ನು ಗೆದ್ದವರು ಗಣಿತಜ್ಞೆ ಸೋಫಿ ಜರ್ಮೇನ್. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿದ್ದ ಕಾಲ ಅದು. ಊರೂರು ತಿರುಗಿದ ಒಂದು ಪ್ರದರ್ಶನದಿಂದ ಗಟ್ಟಿ ಗಣಿತವೇ ಹುಟ್ಟಿತು. ಹಬ್ಬದಲ್ಲಿ ತೋರಿಸುವುದೆಲ್ಲ ಬರೀ ಮಜಾ ಎಂದು ಮೂಗು ಮುರಿಯುವವರಿಗೆ ಈ ಕಥೆ ಹೇಳಿ.

ಮಾಡುವುದು ಹೀಗೆ. ಒಂದರಿಂದ ಎರಡು ಮಿಲಿಮೀಟರ್ ದಪ್ಪದ, 20ರಿಂದ 30 ಸೆಂಟಿಮೀಟರ್ ಅಗಲದ ಚೌಕ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ತಗಡು ತೆಗೆದುಕೊಳ್ಳಿ. ಅಂಚನ್ನು ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಬೆರಳು ಕುಯ್ಯುತ್ತದೆ. ಸರಿಯಾಗಿ ನಡುವೆ ತೂತು ಕೊರೆದು, ಮೇಜಿಗೆ ಬಿಗಿಯಾಗಿ ಕೂರಿಸಿದ ಒಂದು ಗೂಟಕ್ಕೆ ಸ್ಕ್ರೂ ಹಾಕಿ. ಮೇಲೆ ಒಣ ಮರಳನ್ನು ತೆಳ್ಳಗೆ ಉದುರಿಸಿ. ಪಿಟೀಲಿನ ಕಮಾನಿಗೆ ರಾಳ ಹಚ್ಚಿ, ತಗಡಿನ ಅಂಚಿನ ಮೇಲೆ ನೆಟ್ಟಗೆ ಮೇಲಿಂದ ಕೆಳಕ್ಕೆ ಎಳೆಯಿರಿ. ತಗಡು ಹಾಡುತ್ತದೆ. ನಡುಗುವ ಕಡೆಯಿಂದ ಮರಳು ಹಾರಿ, ನಡುಗದ ಗೆರೆಗಳ ಮೇಲೆ ಬಂದು ಕೂರುತ್ತದೆ. ಇನ್ನೊಂದು ಕೈಯ ಬೆರಳನ್ನು ಅಂಚಿನ ಬೇರೆ ಜಾಗದಲ್ಲಿ ಒತ್ತಿ ಹಿಡಿದು ಮತ್ತೆ ಎಳೆದರೆ ಸ್ವರವೂ ಬೇರೆ, ರಂಗೋಲಿಯೂ ಬೇರೆ.

ಸ್ಪೀಕರ್ ಅಥವಾ ಕಂಪನ ಯಂತ್ರ ಜೋಡಿಸಿದರೆ ಸುಲಭ, ಗುಂಡಿ ತಿರುಗಿಸಿದರೆ ಸಾಕು. ಆದರೂ ಕಮಾನೇ ಮೇಲು ಎನ್ನುತ್ತೇನೆ. ಮೊದಲ ಎಳೆತದಲ್ಲಿ ಕಿರ್ ಎನ್ನುತ್ತದೆ, ಎರಡನೆಯದರಲ್ಲೂ ಬರುವುದಿಲ್ಲ, ಮೂರನೆಯದಕ್ಕೆ ತಟ್ಟನೆ ಸ್ವರ ಹಿಡಿಯುತ್ತದೆ. ಆ ಕ್ಷಣದಲ್ಲಿ ಹತ್ತು ವರ್ಷದ ಹುಡುಗನೂ ಅವನ ಅಜ್ಜಿಯೂ ಒಂದೇ ತರಹ ನಗುತ್ತಾರೆ. ಸಂಗೀತಗಾರರನ್ನು ಇದರ ಜೊತೆ ಕೂರಿಸಿ, ಯಾವ ಸ್ವರಕ್ಕೆ ಯಾವ ಚಿತ್ರ ಎಂದು ಜನ ಹುಡುಕುತ್ತಾ ಹೋಗಲಿ. ಮರಳಿನ ಬದಲು ತುಂಬ ನವಿರಾದ ಪುಡಿ ಹಾಕಿದರೆ ಅದು ಉಲ್ಟಾ ಮಾಡುತ್ತದೆ, ಹೆಚ್ಚು ನಡುಗುವ ಕಡೆಗೇ ಹೋಗಿ ಗುಡ್ಡೆಯಾಗುತ್ತದೆ. ತಗಡಿನ ಮೇಲೆ ಏಳುವ ಸಣ್ಣ ಗಾಳಿಯ ಸುಳಿ ಅದನ್ನು ಎಳೆದೊಯ್ಯುತ್ತದೆ ಎಂದು 1831ರಲ್ಲಿ ತೋರಿಸಿದವರು ಅದೇ ಫ್ಯಾರಡೆ. ಜಾಸ್ತಿ ಪ್ರಶ್ನೆ ಕೇಳುವ ಮಕ್ಕಳಿಗಾಗಿ ಒಂದು ಡಬ್ಬಿ ನವಿರು ಪುಡಿ ಮೇಜಿನ ಕೆಳಗಿಟ್ಟುಕೊಂಡಿರಿ.

ಸಣ್ಣ ವಿಷಯಗಳು: ತಗಡಿನ ಕೆಳಗೆ ಅಗಲವಾದ ತಟ್ಟೆ ಇರಲಿ, ಮರಳು ನೆಲಕ್ಕೆ ಬಿದ್ದರೆ ಜಾರುತ್ತದೆ. ತೇವ ಹಿಡಿದ ಮರಳು ಅಂಟಿಕೊಳ್ಳುತ್ತದೆ, ಆದ್ದರಿಂದ ಒಣಗಿಸಿ ಜರಡಿ ಹಿಡಿದದ್ದನ್ನು ಎರಡು ಡಬ್ಬಿ ಇಟ್ಟುಕೊಳ್ಳಿ. ಕಮಾನಿನ ಕೂದಲು ಕಿತ್ತು ಬರುತ್ತದೆ, ಕನಿಷ್ಠ ಮೂರು ಕಮಾನು ಬೇಕು. ಆ ಸದ್ದಿನ ಪಕ್ಕ ಯಾರನ್ನೂ ಒಂದು ಗಂಟೆಗಿಂತ ಹೆಚ್ಚು ಕೂರಿಸಬೇಡಿ, ತಲೆ ಸಿಡಿಯುತ್ತದೆ.

ಎರಡನೆಯದು, ಕತ್ತಲ ಕೋಣೆ. ಬಿಸಿಲು ಬಿದ್ದ ಬೀದಿಗೆ ಕಿಟಕಿ ಇರುವ ಒಂದು ಕೋಣೆ ಹುಡುಕಿ. ಕಿಟಕಿಯನ್ನು ಕಪ್ಪು ರಟ್ಟಿನಿಂದ ಸಂದಿಲ್ಲದಂತೆ ಮುಚ್ಚಿ, ಒಂದು ಸೆಂಟಿಮೀಟರ್ ತೂತು ಮಾಡಿ. ಎದುರು ಬಿಳಿ ಬಟ್ಟೆ ಕಟ್ಟಿ. ಹೊರಗಿನ ಇಡೀ ಬೀದಿ ಅದರ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬಸ್ಸುಗಳು ಮೇಲುಗಡೆ ಓಡುತ್ತವೆ, ಆಕಾಶ ಕೆಳಗಿರುತ್ತದೆ. ಚಿತ್ರ ಇನ್ನಷ್ಟು ಸ್ಪಷ್ಟವಾಗಬೇಕೆಂದರೆ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಪ್ಲಸ್ 0.5 ಪವರ್‌ನ ಕನ್ನಡಕದ ಲೆನ್ಸ್ ಅಂಟಿಸಿ, ಬಟ್ಟೆಯನ್ನು ಎರಡು ಮೀಟರ್ ದೂರಕ್ಕೆ ತನ್ನಿ. ಒಂದನ್ನು ಪವರ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ದೂರ ಬರುತ್ತದೆ, ಬೇರೆ ಲೆನ್ಸ್ ಸಿಕ್ಕರೆ ಹೀಗೇ ಲೆಕ್ಕ ಹಾಕಿಕೊಳ್ಳಿ.

ಒಳಗೆ ಬಂದವರಿಗೆ ಮೊದಲ ಎರಡು–ಮೂರು ನಿಮಿಷ ಹೆಚ್ಚೇನೂ ಕಾಣುವುದಿಲ್ಲ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಬೇಕು. ಆ ಹೊತ್ತಿನಲ್ಲಿ ಬೇಸರವಾಗಿ ಎದ್ದು ಹೋಗದಂತೆ ಯಾರಾದರೂ ಮೆಲುದನಿಯಲ್ಲಿ ಮಾತಾಡುತ್ತಿರಬೇಕು. ಬಾಗಿಲಿಗೆ ಎರಡು ಪದರ ಪರದೆ ಹಾಕಿ, ಒಬ್ಬರು ಬಂದಾಗ ಎಲ್ಲರ ಕಣ್ಣಿಗೂ ಬೆಳಕು ಹೊಡೆಯದಿರಲಿ. ಮೊಬೈಲ್ ಹೊರಗೇ. ಚಿತ್ರಕಲಾವಿದರೊಬ್ಬರು ಒಳಗಿದ್ದು, ಬಟ್ಟೆಯ ಜಾಗದಲ್ಲಿ ದೊಡ್ಡ ಕಾಗದ ಹಚ್ಚಿ, ಬಂದವರಿಂದ ತಲೆಕೆಳಗಾದ ಬೀದಿಯನ್ನು ಇದ್ದಿಲಿನಲ್ಲಿ ಬರೆಸಲಿ. ಒಬ್ಬರು ಮರ ಬರೆಯುತ್ತಾರೆ, ಮುಂದಿನವರು ಕಟ್ಟಡ ಮುಂದುವರಿಸುತ್ತಾರೆ. ನಿಂತ ವಸ್ತು ಸಿಗುತ್ತದೆ, ಓಡುವ ವಾಹನ ಸಿಗುವುದಿಲ್ಲ. ಹಾಗಾಗಿ ಸಂಜೆಗೆ ಸಿದ್ಧವಾಗುವ ಚಿತ್ರದಲ್ಲಿ ಸದಾ ಗಿಜಿಗುಡುವ ಬೀದಿ ಖಾಲಿಯಾಗಿರುತ್ತದೆ.

ಎಷ್ಟು ಜನಕ್ಕೆ ಎಷ್ಟು ಸ್ಟಾಲ್

ಒಂದು ಮೇಜಿನ ಸುತ್ತ ಒಮ್ಮೆಗೆ ಐದು ಜನ, ಆರು ನಿಮಿಷ ಎಂದಿಟ್ಟುಕೊಳ್ಳಿ. ಗಂಟೆಗೆ 50 ಜನ. ಆರು ಗಂಟೆಗೆ 300. ಹತ್ತು ಮೇಜಿದ್ದರೆ ಒಟ್ಟು 3,000 ಸರದಿ. ಒಬ್ಬೊಬ್ಬರು ಕನಿಷ್ಠ ನಾಲ್ಕನ್ನಾದರೂ ಮಾಡಿ ನೋಡಬೇಕು ಎಂದರೆ ನಿಮ್ಮ ಹಬ್ಬ ದಿನಕ್ಕೆ 750 ಜನರದ್ದು. ಐದು ಸಾವಿರ ಜನರನ್ನು ಕರೆದು ಹತ್ತು ಮೇಜು ಹಾಕಿದರೆ ಬಂದವರು ನೋಡುವುದು ಮುಂದಿನವರ ಬೆನ್ನು. ಈ ಲೆಕ್ಕವನ್ನು ಪ್ರಾಯೋಜಕರಿಗೂ ಮೊದಲೇ ತೋರಿಸಿ. ಅವರಿಗೆ ದೊಡ್ಡ ಸಂಖ್ಯೆ ಇಷ್ಟ.

ಜೋಡಣೆಯಲ್ಲಿ ಒಂದೇ ನಿಯಮ ಸಾಕು: ಬೆಳಕಿನದ್ದನ್ನು ಕತ್ತಲೆಗೆ ಹಾಕಿ, ಸದ್ದಿನದ್ದನ್ನು ದೂರ ಇಡಿ. ಕಥೆ ಹೇಳುವ ಮೂಲೆಯ ಪಕ್ಕ ಕ್ಲಾಡ್ನಿ ತಗಡು ಇಟ್ಟರೆ ಇಬ್ಬರೂ ನಿಮ್ಮನ್ನು ಬೈಯುತ್ತಾರೆ.

ಗಾಲಿಕುರ್ಚಿಯಲ್ಲಿ ಬರುವವರಿಗೆ ಇಳಿಜಾರು ಬೇಕು, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೇಜು ಎತ್ತರವಾದರೆ ಅವರಿಗೂ ಚಿಕ್ಕ ಮಕ್ಕಳಿಗೂ ಕೈ ನಿಲುಕುವುದಿಲ್ಲ, 75 ಸೆಂಟಿಮೀಟರ್ ಒಳಗಿರಲಿ. ಕಣ್ಣು ಕಾಣದವರು ಬಂದಾಗ ಮುಟ್ಟಿ ನೋಡುವಂಥದ್ದು, ಕೇಳಿ ತಿಳಿಯುವಂಥದ್ದು ಎಷ್ಟಿವೆ ಎಂದು ಎಣಿಸಿ. ತಗಡಿನ ನಡುಕವನ್ನು ಬೆರಳ ತುದಿಯಲ್ಲೇ ಹಿಡಿಯಬಹುದು. ಬೆಳಿಗ್ಗೆ ಮೊದಲ ಒಂದು ಗಂಟೆ ಮೈಕ್ ಇಲ್ಲದೆ, ಗದ್ದಲ ಇಲ್ಲದೆ ಇಟ್ಟರೆ ಆಟಿಸಂ ಇರುವ ಮಕ್ಕಳೂ ನೆಮ್ಮದಿಯಿಂದ ಬರಬಹುದು.

ಸ್ವಯಂಸೇವಕರು: ಸುಮ್ಮನಿರಲು ಕಲಿಸಿ

ಹಬ್ಬದ ಜೀವ ಇವರೇ. ಪಿಎಚ್‌ಡಿ ಬೇಕಾಗಿಲ್ಲ. ಎಕ್ಸ್‌ಪ್ಲೊರೇಟೋರಿಯಂನಲ್ಲಿ ವಿವರಿಸುವ ಕೆಲಸಕ್ಕೆ ಹೈಸ್ಕೂಲ್ ವಯಸ್ಸಿನವರನ್ನೇ ನೇಮಿಸಿಕೊಂಡರು. ಈಗಷ್ಟೇ ಕಲಿತವರಿಗೆ ಎಲ್ಲಿ ಕಷ್ಟ ಎಂಬುದು ನೆನಪಿರುತ್ತದೆ.

ತರಬೇತಿಗೆ ಎರಡು ಸಂಜೆ ಇಡಿ. ಮೊದಲ ಸಂಜೆ ಅವರೇ ಎಲ್ಲವನ್ನೂ ಆಡಲಿ. ಎರಡನೆಯ ಸಂಜೆ ಒಂದೇ ಪಾಠ, ಕಾಯುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಮೂರು ಸೆಕೆಂಡು ಕೇಳಲಿಕ್ಕೆ ಚಿಕ್ಕದು, ಸುಮ್ಮನೆ ನಿಂತಾಗ ಬಹಳ ಉದ್ದ. ಮನಸ್ಸಿನಲ್ಲೇ ಎಣಿಸುವ ಅಭ್ಯಾಸ ಮಾಡಿಸಿ.

ಮಾತು ಹೀಗೆ ನಡೆಯಬೇಕು:

"ಅಕ್ಕ, ಮರಳು ಯಾಕೆ ಅಲ್ಲೇ ಹೋಗಿ ಕೂತಿತು?"

"ನಿನಗೇನು ಅನ್ನಿಸುತ್ತೆ ಪುಟ್ಟ?" (ಒಂದು, ಎರಡು, ಮೂರು.)

"ಅಲ್ಲಿ... ಅಲ್ಲಿ ಅಲುಗಾಡಲ್ವೇನೋ."

"ಹೌದಾ? ಹೇಗೆ ನೋಡೋದು ಹೇಳು."

ಹುಡುಗ ಬೆರಳಿಟ್ಟು ನೋಡುತ್ತಾನೆ. ಬೆರಳಿಟ್ಟ ಕೂಡಲೇ ಚಿತ್ರವೇ ಬದಲಾಗುತ್ತದೆ. ಈಗ ಅವನ ಕೈಯಲ್ಲಿ ಎರಡನೆಯ ಪ್ರಶ್ನೆ ಇದೆ.

"ನನಗೂ ಗೊತ್ತಿಲ್ಲ" ಎನ್ನುವುದಕ್ಕೆ ಸ್ವಯಂಸೇವಕರಿಗೆ ಬಾಯಿಬಿಟ್ಟು ಅನುಮತಿ ಕೊಡಿ. ಕೊಡದಿದ್ದರೆ ಏನೋ ಒಂದು ಕಟ್ಟಿ ಹೇಳುತ್ತಾರೆ. ಗೊತ್ತಿಲ್ಲದ ಪ್ರಶ್ನೆಗಳನ್ನು ಬರೆದು ಹಚ್ಚಲು ಒಂದು ಬೋರ್ಡ್ ಇಡಿ, ವಿಜ್ಞಾನಿಗಳು ಮಧ್ಯೆ ಮಧ್ಯೆ ಬಂದು ಅದರ ಮುಂದೆ ನಿಂತು ಮಾತಾಡಲಿ. ಅದು ಯಾವ ಭಾಷಣಕ್ಕಿಂತಲೂ ಚೆನ್ನಾಗಿರುತ್ತದೆ.

ಮೇಜಿನ ಮೇಲಿನ ಫಲಕಕ್ಕೂ ಇದೇ ನೀತಿ. ಮೊದಲು ಏನು ಮಾಡಬೇಕು, ಆಮೇಲೆ ಏನು ಗಮನಿಸಬೇಕು, ಕೊನೆಗೆ ಎರಡು ಸಾಲು ಕಾರಣ. ಐವತ್ತು ಪದ ದಾಟಿದರೆ ಯಾರೂ ಓದುವುದಿಲ್ಲ. ಕಾರಣವನ್ನು ಫಲಕದ ಹಿಂಬದಿಗೆ ಬರೆದರೆ ಇನ್ನೂ ಒಳ್ಳೆಯದು, ಬೇಕಾದವರು ತಿರುಗಿಸಿ ನೋಡುತ್ತಾರೆ.

ಅಪಾಯದ ಲೆಕ್ಕ

ಇದರಲ್ಲಿ ಮುಲಾಜು ಬೇಡ. ದ್ರವ ನೈಟ್ರೋಜನ್ ತೋರಿಸಲು ಎಲ್ಲರಿಗೂ ಆಸೆ. ಅದು ಮೈನಸ್ 196 ಡಿಗ್ರಿ ಸೆಲ್ಸಿಯಸ್, ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಕೋಣೆಯಲ್ಲಿ ಉಸಿರಾಡುವ ಗಾಳಿಯನ್ನೇ ತಳ್ಳಿಬಿಡುತ್ತದೆ. ಬಯಲಿನಲ್ಲಿ, ತರಬೇತಿ ಇರುವವರ ಕೈಯಲ್ಲಿ ಮಾತ್ರ. ಲೇಸರ್ ಬೇಕಿದ್ದರೆ ಒಂದು ಮಿಲಿವ್ಯಾಟ್ ಒಳಗಿನದ್ದು, ಅದೂ ಮಕ್ಕಳ ಕಣ್ಣಿನ ಎತ್ತರಕ್ಕೆ ಬಾರದಂತೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ದೀಪ ಕೆಲವರಲ್ಲಿ ಮೂರ್ಛೆ ತರಬಹುದು, ಅಂಥದ್ದು ಇದ್ದರೆ ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸೂರ್ಯನನ್ನು ದೂರದರ್ಶಕದಲ್ಲಿ ತೋರಿಸುವುದಾದರೆ ಫಿಲ್ಟರ್ ಮುಂದಿನ ತುದಿಗೆ, ಗಾಳಿಗೆ ಹಾರದಂತೆ ಭದ್ರವಾಗಿ. ಕಣ್ಣಿಡುವ ಕಡೆ ಹಾಕುವ ಫಿಲ್ಟರ್ ಬಿಸಿಗೆ ಸೀಳಬಹುದು, ಅದನ್ನು ಬಳಸಲೇಬೇಡಿ. ವೈರುಗಳು ನಡೆಯುವ ದಾರಿಗೆ ಅಡ್ಡ ಬರಬಾರದು, ಬಂದರೆ ಮೇಲೆ ಮ್ಯಾಟ್ ಹಾಸಿ ಟೇಪ್ ಅಂಟಿಸಿ.

ಮಳೆ, ಮೋಡಕ್ಕೂ ಒಂದು ಯೋಜನೆ ಇರಲಿ. ಕತ್ತಲ ಕೋಣೆಗೆ ಬಿಸಿಲು ಬೇಕು. ನೀಲಿ ಅಚ್ಚಿಗೂ ಬೇಕು. ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ ನೀಲಿ ಹಿನ್ನೆಲೆಯಲ್ಲಿ ಬಿಳಿ ಎಲೆ ಮೂಡುವ ವಿಧಾನ ಅದು. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಮರುವರ್ಷವೇ ಆನಾ ಅಟ್ಕಿನ್ಸ್ ಅದರಲ್ಲಿ ಕಡಲಪಾಚಿಗಳ ಚಿತ್ರ ತೆಗೆಯುತ್ತಾ ಪುಸ್ತಕವನ್ನೇ ಮಾಡಿದರು. ಮೋಡದ ದಿನಕ್ಕೆ ನೇರಳಾತೀತ ದೀಪ ಒಂದಿದ್ದರೆ ಇದನ್ನು ಒಳಗೇ ನಡೆಸಬಹುದು. ಕತ್ತಲ ಕೋಣೆಗೆ ಅಂಥ ಉಪಾಯವಿಲ್ಲ, ಆ ದಿನ ಅದೇ ಕೋಣೆಯಲ್ಲಿ ಬಣ್ಣದ ನೆರಳು ಹಾಕಿ.

ಜನರನ್ನು ಕರೆಯುವುದು

ಫ್ರೆಂಚ್ ಭೌತವಿಜ್ಞಾನಿ ಲೇಯಾನ್ ಫೂಕೋ 1851ರಲ್ಲಿ ಪ್ಯಾರಿಸ್ಸಿನಲ್ಲಿ ಲೋಲಕ ತೂಗುಹಾಕಿದಾಗ ಕಳಿಸಿದ ಕರೆಯ ಸಾರ ಒಂದೇ ಸಾಲು: ಭೂಮಿ ತಿರುಗುವುದನ್ನು ನೋಡಲು ಬನ್ನಿ. ಆಮೇಲೆ ಪ್ಯಾಂಥಿಯಾನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ಊರಿಗೆಲ್ಲ ತೋರಿಸಿದರು. ನಿಮ್ಮ ಪೋಸ್ಟರಿನಲ್ಲಿ ಇಂಥ ಒಂದು ಸಾಲಿರಲಿ. "ನಿಮ್ಮ ಬೀದಿಯನ್ನು ತಲೆಕೆಳಗಾಗಿ ನೋಡಿ." "ಸದ್ದಿಗೆ ಆಕಾರ ಇದೆಯಾ? ಕಮಾನು ಎಳೆದು ನೋಡಿ." ಅತಿಥಿಗಳ ಫೋಟೋ ಸಾಲಾಗಿ ಹಾಕಿದ ಪೋಸ್ಟರ್ ನೋಡಿ ಯಾವ ಮಗುವೂ ಅಪ್ಪನ ಕೈ ಎಳೆಯುವುದಿಲ್ಲ.

ಎರಡು ವಾರ ಮೊದಲು ಒಂದು ಪ್ರಯೋಗವನ್ನು ಬಸ್ ನಿಲ್ದಾಣದಲ್ಲೋ ಮಾರುಕಟ್ಟೆಯಲ್ಲೋ ಇಟ್ಟು ಒಂದು ಸಂಜೆ ಆಡಿಸಿ. ಪ್ರಚಾರವೂ ಆಯಿತು, ಎಲ್ಲಿ ಮುರಿಯುತ್ತದೆ ಎಂದೂ ತಿಳಿಯಿತು.

ಮುಗಿದ ಮೇಲೆ

ಅಭಿಪ್ರಾಯದ ಫಾರಂ ತುಂಬಿಸಿಕೊಂಡರೆ ಎಲ್ಲರೂ "ತುಂಬಾ ಚೆನ್ನಾಗಿತ್ತು" ಎಂದೇ ಬರೆಯುತ್ತಾರೆ. ಅದರ ಬದಲು ಇಬ್ಬರನ್ನು ನೋಡುವ ಕೆಲಸಕ್ಕೇ ಬಿಡಿ. ಯಾವ ಮೇಜಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ, ಎಲ್ಲಿ ಮುಟ್ಟದೆ ಹೋಗುತ್ತಾರೆ, ಯಾರು ಮತ್ತೆ ಬರುತ್ತಾರೆ. ಮಕ್ಕಳ ಹಿಂದೆ ಕೈಕಟ್ಟಿ ನಿಂತ ದೊಡ್ಡವರು ಯಾವ ಮೇಜಿನಲ್ಲಿ ಕೈಬಿಚ್ಚಿ ಮುಂದೆ ಬಂದರು ಎಂಬುದನ್ನು ಬರೆದುಕೊಂಡರೆ ಮುಂದಿನ ವರ್ಷ ಏನು ಇಟ್ಟುಕೊಳ್ಳಬೇಕು ಎಂದು ಗೊತ್ತಾಗುತ್ತದೆ.

ಪ್ರತಿ ಪ್ರಯೋಗಕ್ಕೂ ಒಂದು ಪುಟದ ಟಿಪ್ಪಣಿ ಮಾಡಿ: ಅಳತೆ, ಸಾಮಾನು, ಎಲ್ಲಿ ಕೆಟ್ಟಿತು, ಹೇಗೆ ರಿಪೇರಿ ಮಾಡಿದಿರಿ. ಹಬ್ಬ ಮುಗಿದ ವಾರದೊಳಗೇ ಬರೆಯಿರಿ, ತಿಂಗಳಾದರೆ ಮರೆತುಹೋಗುತ್ತದೆ. ಎಕ್ಸ್‌ಪ್ಲೊರೇಟೋರಿಯಂ ತನ್ನ ಪ್ರಯೋಗಗಳ ಇಂಥ ವಿವರಗಳನ್ನು ಪ್ರಕಟಿಸಿಬಿಟ್ಟಿತು, ಬೇರೆ ಊರುಗಳ ವಿಜ್ಞಾನ ಕೇಂದ್ರಗಳು ಅದನ್ನು ನೋಡಿ ತಮ್ಮದನ್ನು ಕಟ್ಟಿಕೊಂಡವು. ನೀವೂ ಯಾರು ಕೇಳಿದರೂ ಕೊಡಿ.

ವಸ್ತುಗಳನ್ನು ಗೋದಾಮಿನಲ್ಲಿ ಇಡುವುದಕ್ಕಿಂತ ಶಾಲೆಗೋ ಗ್ರಂಥಾಲಯಕ್ಕೋ ಒಂದು ವರ್ಷದ ಮಟ್ಟಿಗೆ ಕೊಡುವುದು ಒಳ್ಳೆಯದು. ಜೊತೆಗೆ ಬಿಡಿಭಾಗಗಳ ಒಂದು ಡಬ್ಬಿ ಕೊಡಿ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬ ಚೀಟಿಯನ್ನು ವಸ್ತುವಿಗೇ ಅಂಟಿಸಿ. ಆ ಚೀಟಿ ಇಲ್ಲದಿದ್ದರೆ ಮೊದಲ ಸ್ಕ್ರೂ ಸಡಿಲವಾದ ದಿನವೇ ಅದು ಬೀರುವಿನ ಹಿಂದೆ ಸೇರುತ್ತದೆ.